ಜೇಡದ ವಿಷದಲ್ಲಿ ಹೃದಯಕ್ಕೆ ಮದ್ದು: ಆತುರ ಬೇಡ, ಅರ್ಥ ಮಾಡಿಕೊಳ್ಳೋಣ

"ಉಸ್ತಾದರೇ, ಹಾರ್ಟ್ ಅಟ್ಯಾಕಿಗೆ ಜೇಡದ ವಿಷದಿಂದ ಮದ್ದು ಬಂದಿದೆಯಂತೆ, ಇನ್ನು ಸ್ಟೆಂಟ್ ಹಾಕಿಸಬೇಕಾ?" ಮೊಬೈಲಿಗೆ ಬಂದ ಮೆಸೇಜು ತೋರಿಸಿ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ನಾವು ಡಾಕ್ಟರಲ್ಲ. ಆದರೂ ಗೊತ್ತಿಲ್ಲ ಎಂದು ಬಿಟ್ಟುಬಿಡಲು ಮನಸ್ಸಾಗಲಿಲ್ಲ, ಹುಡುಕಿ ಓದಿದೆವು.

ಸುದ್ದಿ ಪೂರ್ತಿ ಸುಳ್ಳಲ್ಲ. ಆಸ್ಟ್ರೇಲಿಯಾದಲ್ಲಿ ಹಿಂದೆ ಫ್ರೇಸರ್ ಎಂದು ಕರೆಯುತ್ತಿದ್ದ ದ್ವೀಪದಲ್ಲಿ ಫನೆಲ್ ವೆಬ್ ಎಂಬ ಜೇಡ ಉಂಟು. ಅದರ ವಿಷದಲ್ಲಿ 'ಎಚ್‌ಐ1ಎ' ಎಂಬ ಸಣ್ಣ ಪ್ರೋಟೀನ್ ಸಿಕ್ಕಿದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೆನ್ ಕಿಂಗ್, ನಾಥನ್ ಪಾಲ್ಪಂಟ್ ಮತ್ತು ಸಿಡ್ನಿಯ ಹೃದಯತಜ್ಞ ಪೀಟರ್ ಮ್ಯಾಕ್‌ಡೊನಾಲ್ಡ್ ಅವರ ತಂಡ ಇದರ ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿತು.

ಅದು ಕೆಲಸ ಮಾಡುವ ರೀತಿ ಹೀಗೆ. ರಕ್ತನಾಳ ಕಟ್ಟಿದಾಗ ಹೃದಯದ ಕೋಶಗಳಿಗೆ ಆಮ್ಲಜನಕ ಸಿಗುವುದಿಲ್ಲ, ಅಲ್ಲಿ ಆಮ್ಲ ಹೆಚ್ಚುತ್ತದೆ. ಕೋಶದ ಮೇಲಿನ ಒಂದು ಬಾಗಿಲು ಆ ಆಮ್ಲವನ್ನು ಗುರುತಿಸಿ, 'ಇನ್ನು ಸಾಯಿ' ಎಂಬ ಸಂದೇಶವನ್ನು ಒಳಗೆ ಕಳಿಸುತ್ತದೆ. ಎಚ್‌ಐ1ಎ ಆ ಬಾಗಿಲನ್ನೇ ಮುಚ್ಚುತ್ತದೆ. ಸತ್ತ ಹೃದಯ ಕೋಶ ಮತ್ತೆ ಬೆಳೆಯುವುದು ಇಲ್ಲವೆಂದೇ ಹೇಳಬೇಕು. ಹಾಗಾಗಿ ಉಳಿಸಿದ್ದೇ ಲಾಭ.

ಆದರೆ ಆ ಫಲಿತಾಂಶ ಬಂದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಹೃದಯದ ಕೋಶಗಳಲ್ಲಿ ಮತ್ತು ಇಲಿಯ ಹೃದಯದಲ್ಲಿ. ಎದೆನೋವಿನಿಂದ ಆಸ್ಪತ್ರೆಗೆ ಬಂದ ಮನುಷ್ಯರಲ್ಲಿ ಅಲ್ಲ. ಅಲ್ಲಿಂದ ಇಲ್ಲಿಗೆ ದಾರಿ ಎಷ್ಟು ಕಷ್ಟ ಎಂಬುದಕ್ಕೆ ಎರಡು ಹಳೆಯ ಮದ್ದುಗಳ ಕಥೆ ಸಾಕು.

ಒಂದು, ಸೈಕ್ಲೋಸ್ಪೋರಿನ್. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಈ ಹೆಸರು ಗೊತ್ತಿರುತ್ತದೆ. ಕಟ್ಟಿದ ನಾಳ ತೆರೆದು ರಕ್ತ ಮತ್ತೆ ನುಗ್ಗುವಾಗಲೂ ಹೃದಯಕ್ಕೆ ಒಂದು ಪೆಟ್ಟು ಬೀಳುತ್ತದೆ. ಅದನ್ನು ತಡೆಯಲು ಫ್ರಾನ್ಸಿನಲ್ಲಿ 58 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. 2008ರಲ್ಲಿ ಬಂದ ಫಲಿತಾಂಶ ಒಳ್ಳೆಯದಿತ್ತು. ಆಮೇಲೆ 970 ಮಂದಿಯ ದೊಡ್ಡ ಪರೀಕ್ಷೆ ನಡೆದು, 2015ರಲ್ಲಿ ಲೆಕ್ಕ ಹೊರಬಂತು. ಸಾವು, ಹೃದಯ ವೈಫಲ್ಯ, ಹೃದಯ ಹಿಗ್ಗುವುದು ಎಲ್ಲ ಸೇರಿಸಿ ಒಂದು ವರ್ಷದಲ್ಲಿ ಮದ್ದು ಪಡೆದವರಲ್ಲಿ ಶೇ. 59.0, ಪಡೆಯದವರಲ್ಲಿ ಶೇ. 58.1. ಏನೂ ಪ್ರಯೋಜನವಿಲ್ಲ!

ಎರಡನೆಯದು ಕ್ಯಾರಿಪೊರೈಡ್. ಬೈಪಾಸ್ ಸರ್ಜರಿಯ 5,761 ರೋಗಿಗಳ ಪರೀಕ್ಷೆಯಲ್ಲಿ ಹೃದಯಾಘಾತ ಶೇ. 18.9ರಿಂದ 14.4ಕ್ಕೆ ಇಳಿಯಿತು. ಹೃದಯವೇನೋ ಉಳಿಯಿತು. ಆದರೆ ಮೆದುಳಿನ ಸ್ಟ್ರೋಕ್ ಹೆಚ್ಚಾಗಿ, ಸಾವು ಶೇ. 1.5ರಿಂದ 2.2ಕ್ಕೆ ಏರಿತು. ಆ ಮದ್ದನ್ನು ಕೈಬಿಟ್ಟರು.

ಪರೀಕ್ಷೆ ಇಲ್ಲದೆ ನೇರ ಅಂಗಡಿಗೆ ಬಂದಿದ್ದರೆ? ಎದೆ ಉಳಿಸುವ ಮದ್ದೆಂದು ನಾವೇ ದುಡ್ಡು ಕೊಟ್ಟು ತರುತ್ತಿದ್ದೆವು. ಅದಕ್ಕೇ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ಮದ್ದಿಲ್ಲದ ಅಂಥದ್ದೇ ಇಂಜೆಕ್ಷನ್. ಮಾಮೂಲಿ ಚಿಕಿತ್ಸೆ ಇಬ್ಬರಿಗೂ ಉಂಟು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಆಗ ಮಾತ್ರ ಲೆಕ್ಕ ನಂಬಬಹುದು.

"ನಮ್ಮನ್ನು ಇಲಿ ಮಾಡ್ತಾರಾ?" ಎಂಬ ಹೆದರಿಕೆ ನಮ್ಮಲ್ಲಿ ಹಲವರಿಗಿದೆ. ಹೆದರಿಕೆ ತಪ್ಪಲ್ಲ, ಆದರೆ ಹಕ್ಕು ತಿಳಿದಿರಲಿ. ನಮ್ಮ ದೇಶದಲ್ಲಿ ಇದಕ್ಕೆ 2019ರ ನಿಯಮಗಳಿವೆ. ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು. ಓದದೆ ಸಹಿ ಹಾಕಬೇಡಿ. ಮನೆಯಲ್ಲಿ ಓದಲು ಬರುವ ಮಕ್ಕಳಿದ್ದರೆ ಅವರಿಂದ ಓದಿಸಿ ಕೇಳಿ.

ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: ಜೇಡದ ಮದ್ದು ಪರೀಕ್ಷೆಗಳಲ್ಲಿ ಗೆದ್ದು ಬಂದರೆ ಅಲ್‌ಹಮ್ದುಲಿಲ್ಲಾಹ್. ಬಂದರೂ ಅದು ಕಟ್ಟಿದ ನಾಳವನ್ನು ತೆರೆಯುವ ಮದ್ದಲ್ಲ, ಕೋಶ ಕಾಯುವ ಮದ್ದು. ನಾಳ ತೆರೆಯಲು ಆಸ್ಪತ್ರೆಗೇ ಹೋಗಬೇಕು, ಅದೂ ಬೇಗ. ಎದೆ ಬಿಗಿದು, ಬೆವರು ಬಂದು, ನೋವು ಕೈಗೋ ದವಡೆಗೋ ಹರಿದರೆ 'ಗ್ಯಾಸ್' ಎಂದು ಸೋಡಾ ಕುಡಿದು ಕೂರಬೇಡಿ. ಉಮ್ಮನಾಗಲಿ, ಬಾಪನಾಗಲಿ, "ಬೆಳಗ್ಗೆ ನೋಡುವ" ಎಂದರೆ ಕೇಳಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ಇವತ್ತಿನ ಮಟ್ಟಿಗೆ ಹೃದಯದ ಕೋಶ ಉಳಿಸುವ ದಾರಿ ಅದೇ.