ಒಳಗುಳಿದ ಪಟ್ಟಿ, ತಡವಾಗಿ ಬಂದ ನೋವು

ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ಮೂತ್ರ ಸೋರುವ ತೊಂದರೆ ಹೆರಿಗೆಯಾದ ಅನೇಕ ಹೆಂಗಸರನ್ನು ಕಾಡುತ್ತದೆ. ಮೂತ್ರನಾಳಕ್ಕೆ ಆಸರೆಯಾದ ಸ್ನಾಯುಗಳು ಸಡಿಲವಾಗುವುದೇ ಇದಕ್ಕೆ ಮುಖ್ಯ ಕಾರಣ. ನಾಚಿಕೆಯಿಂದ ಯಾರಿಗೂ ಹೇಳದೆ ವರ್ಷಗಟ್ಟಲೆ ಸಹಿಸುವವರು ಬಹಳ.

1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಹಾಗೂ ಆಸ್ಟ್ರೇಲಿಯಾದ ಪೀಟರ್ ಪೆಟ್ರೋಸ್ ಎಂಬ ವೈದ್ಯರು ಇದಕ್ಕೊಂದು ಸುಲಭ ಉಪಾಯ ಕಂಡುಹಿಡಿದರು. ಪಾಲಿಪ್ರೊಪಿಲೀನ್ ಎಳೆಗಳಿಂದ ಹೆಣೆದ, ಸುಮಾರು 1 ಸೆಂ.ಮೀ. ಅಗಲದ ಬಲೆಯಂಥ ಪಟ್ಟಿಯನ್ನು ಮೂತ್ರನಾಳದ ಕೆಳಗೆ ಜೋಲಿಯಂತೆ ಕೂರಿಸುವುದೇ ಆ ಉಪಾಯ. ದೊಡ್ಡ ಗಾಯವಿಲ್ಲ, ಬೇಗ ಮನೆಗೆ ಮರಳಬಹುದು. ಜಗತ್ತಿನಾದ್ಯಂತ ಲಕ್ಷಾಂತರ ಹೆಂಗಸರಿಗೆ ಇಂಥ ಪಟ್ಟಿ ಹಾಕಲಾಯಿತು. ಹೆಚ್ಚಿನವರಿಗೆ ಗುಣವೂ ಆಯಿತು.

ಬಲೆಯ ಕಣ್ಣುಗಳೊಳಗೆ ಮಾಂಸ ಬೆಳೆದು ಪಟ್ಟಿ ಭದ್ರವಾಗಬೇಕೆಂಬುದು ಇದರ ಉದ್ದೇಶ. ಆದರೆ ಪಟ್ಟಿ ಪಕ್ಕದ ಅಂಗವನ್ನು ಸವೆಸತೊಡಗಿದರೆ ಈ ಗುಣವೇ ಮುಳುವಾಗುತ್ತದೆ. ಗೋಡೆಯ ಬಿರುಕಿಗಿಳಿದ ಅರಳಿಯ ಬೇರನ್ನು ಗೋಡೆಗೆ ಪೆಟ್ಟಾಗದಂತೆ ಕೀಳಲು ಸಾಧ್ಯವೆ?

ಅಪರೂಪದ ತೊಡಕುಗಳಂತೂ ವಿಚಿತ್ರ. ಮೂತ್ರಕೋಶದೊಳಗೆ ಇಣುಕಿದ ಪಟ್ಟಿಯ ಮೇಲೆ ಲವಣಗಳು ಕೂಡಿ ಕಲ್ಲು ಕಟ್ಟುತ್ತದೆ, ಸೋಂಕು ಮರುಕಳಿಸುತ್ತದೆ. ತೊಡೆಸಂದಿಯ ಮೂಲಕ ಹಾಯಿಸಿದ ಪಟ್ಟಿಯಿಂದ ತೊಡೆಯಲ್ಲಿ ನೋವು, ಕೆಲವೊಮ್ಮೆ ಕೀವು ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಇವು ಹಲವು ವರ್ಷಗಳ ನಂತರ ತಲೆದೋರುವುದರಿಂದ ಹಳೆಯ ಪಟ್ಟಿಯೇ ಕಾರಣವೆಂದು ಹೊಳೆಯುವುದೇ ಕಷ್ಟ.

ಪರೀಕ್ಷೆಯ ಲೋಪವೂ ಇತ್ತು. ಅಮೆರಿಕದಲ್ಲಿ 1998ರಲ್ಲಿ ಒಂದು ಪಟ್ಟಿಗೆ ಒಪ್ಪಿಗೆ ಸಿಕ್ಕಿದ್ದು ಮೊದಲೇ ಮಾರಾಟದಲ್ಲಿದ್ದ ‘ಪ್ರೊಟೆಜೆನ್’ ಪಟ್ಟಿಯನ್ನು ಹೋಲುತ್ತದೆಂಬ ಆಧಾರದ ಮೇಲೆ. ಮರುವರ್ಷ ಪ್ರೊಟೆಜೆನ್ ಅನ್ನೇ ತಯಾರಕರು ಹಿಂದಕ್ಕೆ ಪಡೆದರು. ಅದರ ಹೋಲಿಕೆಯಿಂದ ಬಂದದ್ದು ಮಾತ್ರ ಮಾರುಕಟ್ಟೆಯಲ್ಲಿ ಉಳಿಯಿತು! ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕಾದ ಪಾಠವಿದು: ಹೋಲಿಕೆ ಪುರಾವೆಯಲ್ಲ.

ಇಂಗ್ಲೆಂಡಿನಲ್ಲಿ 2018ರ ಜುಲೈನಲ್ಲಿ ಈ ಶಸ್ತ್ರಚಿಕಿತ್ಸೆಗೆ ತಡೆ ಬಿತ್ತು. ನೋವು ಹೇಳಿಕೊಂಡ ಹೆಂಗಸರ ಮಾತಿಗೆ ಕಿವಿಗೊಡಲಿಲ್ಲವೆಂದು ಜೂಲಿಯಾ ಕಂಬರ್ಲೆಜ್ ನೇತೃತ್ವದ ಸಮಿತಿ 2020ರಲ್ಲಿ ವರದಿ ಮಾಡಿತು.

ಸೋರಿಕೆಗೆ ಮೊದಲ ಮದ್ದು ಕತ್ತರಿಯಲ್ಲ, ತಳಭಾಗದ ಸ್ನಾಯುಗಳಿಗೆ ವ್ಯಾಯಾಮ. ಕನಿಷ್ಠ ಮೂರು ತಿಂಗಳು, ಬಲ್ಲವರಿಂದ ಕಲಿತು ಮಾಡಬೇಕು. ಶಸ್ತ್ರಚಿಕಿತ್ಸೆ ಅನಿವಾರ್ಯವಾದರೆ, ‘ಹಾಕುವುದೇನು? ತೊಂದರೆಯಾದರೆ ತೆಗೆಯುವವರು ಯಾರು?’ ಎಂದು ಮೊದಲೇ ಕೇಳಬೇಕು. ಪಟ್ಟಿಯ ಹೆಸರಿರುವ ಕಾಗದವನ್ನು ಜೋಪಾನವಾಗಿಡಬೇಕು. ಅಮ್ಮ ನಾಚಿ ಸುಮ್ಮನಾದರೆ, ಜೊತೆಗೆ ಹೋದ ಮಗನೋ ಮಗಳೋ ಕೇಳಲಿ.