ಕ್ರೈಸಿಸ್ ಕೇಳಿದ ಕಂಪ್ಯೂಟರ್

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕ್ರೈಟೆಕ್ ಸಂಸ್ಥೆ 2007ರ ನವೆಂಬರಿನಲ್ಲಿ ಹೊರತಂದ ಕ್ರೈಸಿಸ್ ಎಂಬ ವಿಡಿಯೊ ಗೇಮ್, ಆ ದಿನಗಳಲ್ಲಿ ಅಂಗಡಿಯಲ್ಲಿ ದೊರೆಯುತ್ತಿದ್ದ ಅತ್ಯಂತ ದುಬಾರಿ ಬಿಡಿಭಾಗಗಳನ್ನು ಜೋಡಿಸಿದ ಕಂಪ್ಯೂಟರಿನಲ್ಲಿಯೂ ತನ್ನ ಅತ್ಯುನ್ನತ ಚಿತ್ರಮಟ್ಟದಲ್ಲಿ ಸರಾಗವಾಗಿ ಓಡಲಿಲ್ಲ. ಟರ್ಕಿ ಮೂಲದ ಜೆವಾತ್, ಆವ್ನಿ ಮತ್ತು ಫಾರುಕ್ ಯೆರ್ಲಿ ಎಂಬ ಮೂವರು ಸಹೋದರರು 1999ರಲ್ಲಿ ಕಟ್ಟಿದ್ದ ಈ ಸಂಸ್ಥೆಯು, ಉಷ್ಣವಲಯದ ಕಲ್ಪಿತ ದ್ವೀಪವೊಂದರ ದಟ್ಟ ಕಾಡನ್ನು, ಎಲೆಗಳ ಮೂಲಕ ಸೋಸಿ ಬರುವ ಬಿಸಿಲನ್ನು, ಗುಂಡು ತಗುಲಿದ ಜಾಗದಲ್ಲೇ ಮುರಿದು ಉರುಳುವ ಮರಗಳನ್ನು ಪರದೆಯ ಮೇಲೆ ತರಲು ಹೊರಟಿತ್ತು. ಬಿಡುಗಡೆಗೆ ಮುಂಚೆಯೇ ಹೊರಬಂದ ದೃಶ್ಯಗಳನ್ನು ಕಂಡ ಆಟಗಾರರಲ್ಲಿ ಅನೇಕರು ಈ ಒಂದು ಆಟಕ್ಕಾಗಿಯೇ ಹೊಸ ಕಂಪ್ಯೂಟರ್ ಜೋಡಿಸಲು ತೊಡಗಿದರು. ಅಂದು ಅವರ ಮುಂದಿದ್ದ ಆಯ್ಕೆಗಳನ್ನು ಇಂದು ಒಂದೊಂದಾಗಿ ಪರಿಶೀಲಿಸಿದರೆ, ಇಂಥ ಯಂತ್ರ ಹೇಗೆ ದುಡಿಯುತ್ತದೆ ಎಂಬುದೂ, ಇನ್ನೂ ಬಾರದ ಆಟಕ್ಕೆ ಯಂತ್ರ ಕಟ್ಟುವುದು ಏಕೆ ಕಷ್ಟ ಎಂಬುದೂ ಒಟ್ಟಿಗೇ ತಿಳಿಯುತ್ತವೆ.

ಪರದೆಯ ಮೇಲೆ ಕಾಣುವ ಚಲನೆಯೆಲ್ಲ ವಾಸ್ತವವಾಗಿ ಒಂದರ ಹಿಂದೊಂದು ಬದಲಾಗುವ ಸ್ಥಿರಚಿತ್ರಗಳ ಸರಣಿಯೇ ಆಗಿದ್ದು, ಇಂಥ ಒಂದೊಂದು ಚಿತ್ರವನ್ನು ಫ್ರೇಮ್ ಎನ್ನುತ್ತಾರೆ. ಸಿನಿಮಾದ ಫ್ರೇಮುಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಿ ಮಾತ್ರ ಆಟಗಾರನು ಮುಂದಿನ ಕ್ಷಣದಲ್ಲಿ ಎತ್ತ ತಿರುಗುವನೆಂಬುದು ಗೊತ್ತಿಲ್ಲದ ಕಾರಣ ಪ್ರತಿಯೊಂದು ಫ್ರೇಮನ್ನೂ ಆಗಿಂದಾಗಲೇ ಲೆಕ್ಕಹಾಕಿ ಬಿಡಿಸಬೇಕಾಗುತ್ತದೆ. ಸೆಕೆಂಡಿಗೆ 60 ಫ್ರೇಮುಗಳು ಬೇಕಾದರೆ ಒಂದಕ್ಕೆ ದೊರೆಯುವ ಸಮಯ ಸುಮಾರು 16.7 ಮಿಲಿಸೆಕೆಂಡು, 30 ಸಾಕೆಂದರೆ 33.3 ಮಿಲಿಸೆಕೆಂಡು. ಆ ಕಾಲದ ಉತ್ತಮ ಮಾನಿಟರುಗಳಲ್ಲಿ ಸಾಮಾನ್ಯವಾಗಿದ್ದ 1680 × 1050 ಅಳತೆಯ ಪರದೆಯಲ್ಲಿ 17 ಲಕ್ಷದ 64 ಸಾವಿರ ಪಿಕ್ಸೆಲುಗಳು, ಅಂದರೆ ಬಣ್ಣದ ಚುಕ್ಕೆಗಳು ಇರುತ್ತಿದ್ದವು. ಸೆಕೆಂಡಿಗೆ 60 ಬಾರಿಯಂತೆ ಇವುಗಳ ಬಣ್ಣವನ್ನು ನಿರ್ಧರಿಸಲು ಒಂದು ಸೆಕೆಂಡಿನಲ್ಲಿ ಹತ್ತೂವರೆ ಕೋಟಿಗಿಂತ ಹೆಚ್ಚು ಚುಕ್ಕೆಗಳ ಲೆಕ್ಕ ಮುಗಿಯಬೇಕು, ಮತ್ತು ಪ್ರತಿ ಚುಕ್ಕೆಯ ಹಿಂದೆ ಬೆಳಕು, ನೆರಳು, ಮೇಲ್ಮೈಯ ಒರಟುತನ ಇವುಗಳಿಗೆ ಸಂಬಂಧಿಸಿದ ನೂರಾರು ಗಣಿತಕ್ರಿಯೆಗಳು ಇರುತ್ತವೆ.

ಈ ಕೆಲಸವನ್ನು ಎರಡು ಬಗೆಯ ಚಿಪ್ಪುಗಳು ಹಂಚಿಕೊಳ್ಳುತ್ತವೆ. ಶತ್ರು ಎಲ್ಲಿದ್ದಾನೆ, ಅವನು ಏನು ಮಾಡಬೇಕು, ಉರುಳುವ ಮರ ಯಾವುದಕ್ಕೆ ತಾಗುತ್ತದೆ, ಈ ಫ್ರೇಮಿನಲ್ಲಿ ಯಾವ ಯಾವ ವಸ್ತುಗಳನ್ನು ಬಿಡಿಸಬೇಕು ಎಂಬ ತೀರ್ಮಾನಗಳೆಲ್ಲ ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನ ಪಾಲಿಗೆ ಬಂದರೆ, ಆ ವಸ್ತುಗಳನ್ನು ಪಿಕ್ಸೆಲುಗಳಾಗಿ ಪರಿವರ್ತಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನ ಪಾಲಿಗೆ ಬರುತ್ತದೆ. ಪಿಕ್ಸೆಲುಗಳ ಲೆಕ್ಕ ಬಹುಮಟ್ಟಿಗೆ ಒಂದಕ್ಕೊಂದು ಸಂಬಂಧಪಡದ್ದು. ನಾಟಿಯ ಗದ್ದೆಯಲ್ಲಿ ಸಾಲಾಗಿ ಬಗ್ಗಿ ಸಸಿ ನೆಡುವವರಲ್ಲಿ ಒಬ್ಬರು ಇನ್ನೊಬ್ಬರ ಕೈಗಾಗಿ ಕಾಯಬೇಕಾಗಿಲ್ಲದಿರುವುದರಿಂದ ಆಳು ಹೆಚ್ಚಿದಷ್ಟೂ ಗದ್ದೆ ಬೇಗ ತುಂಬುತ್ತದೆ, ಆದರೆ ಸಸಿಮಡಿಯಲ್ಲಿ ಪೈರು ಬೆಳೆಯಲು ಬೇಕಾದ ದಿನಗಳನ್ನು ಎಷ್ಟು ಆಳುಗಳನ್ನು ಕರೆತಂದರೂ ತಗ್ಗಿಸಲಾಗದು. ಗ್ರಾಫಿಕ್ಸ್ ಕಾರ್ಡಿನ ಕೆಲಸ ನಾಟಿಯ ಬಗೆಯದು, ಪ್ರೊಸೆಸರಿನ ಕೆಲಸದಲ್ಲಿ ಬಹುಭಾಗ ಸಸಿಮಡಿಯ ಬಗೆಯದು.

2006ರ ನವೆಂಬರಿನಲ್ಲಿ ಎನ್ವಿಡಿಯಾ ಸಂಸ್ಥೆ 599 ಡಾಲರ್ ಬೆಲೆಗೆ ಮಾರಾಟಕ್ಕಿಟ್ಟ ಜಿಫೋರ್ಸ್ 8800 ಜಿಟಿಎಕ್ಸ್ ಕಾರ್ಡ್ ಈ ನಾಟಿಯ ಕೆಲಸಕ್ಕೆ ಹೊಸ ವ್ಯವಸ್ಥೆಯನ್ನು ತಂದಿತು. ಅದಕ್ಕಿಂತ ಹಿಂದಿನ ಕಾರ್ಡುಗಳಲ್ಲಿ ವಸ್ತುವಿನ ಆಕಾರವನ್ನು ಲೆಕ್ಕಹಾಕುವ ಘಟಕಗಳೇ ಬೇರೆ, ಬಣ್ಣವನ್ನು ಲೆಕ್ಕಹಾಕುವ ಘಟಕಗಳೇ ಬೇರೆ ಇದ್ದು, ಅದೇ ಸಂಸ್ಥೆಯ 7900 ಜಿಟಿಎಕ್ಸ್ ಕಾರ್ಡಿನಲ್ಲಿ ಮೊದಲ ಬಗೆಯವು 8, ಎರಡನೆಯ ಬಗೆಯವು 24 ಇದ್ದವು. ದೃಶ್ಯದಲ್ಲಿ ಆಕಾರದ ಕೆಲಸ ಹೆಚ್ಚಾದಾಗ ಬಣ್ಣದ ಘಟಕಗಳು, ಬಣ್ಣದ ಕೆಲಸ ಹೆಚ್ಚಾದಾಗ ಆಕಾರದ ಘಟಕಗಳು ಸುಮ್ಮನೆ ಕುಳಿತಿರಬೇಕಾಗುತ್ತಿತ್ತು. 8800 ಜಿಟಿಎಕ್ಸ್ ಈ ಭೇದವನ್ನು ಅಳಿಸಿ, ಯಾವ ಕೆಲಸವನ್ನಾದರೂ ಮಾಡಬಲ್ಲ 128 ಸಮಾನ ಘಟಕಗಳನ್ನು 68 ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರುಗಳ ಒಂದು ಚಿಪ್ಪಿನಲ್ಲಿ ಇರಿಸಿತು. ಇಷ್ಟು ಘಟಕಗಳಿಗೆ ಎಡೆಬಿಡದೆ ದತ್ತಾಂಶ ಒದಗಿಸಲು ಕಾರ್ಡಿನ ಮೇಲೆಯೇ 768 ಮೆಗಾಬೈಟ್ ಸ್ಮರಣಕೋಶವಿದ್ದು, ಅದು ಸೆಕೆಂಡಿಗೆ 86.4 ಗಿಗಾಬೈಟ್ ದತ್ತಾಂಶವನ್ನು ಸಾಗಿಸಬಲ್ಲದಾಗಿತ್ತು. ಅದೇ ಕಾಲದ ಡಿಡಿಆರ್2-800 ರ‍್ಯಾಮ್ ಎರಡು ಜೋಡಿಸಿದರೂ ಮುಖ್ಯ ಪ್ರೊಸೆಸರಿನ ಕಡೆಗೆ ಸಾಗಬಹುದಾಗಿದ್ದುದು ಸೆಕೆಂಡಿಗೆ 12.8 ಗಿಗಾಬೈಟ್ ಮಾತ್ರ. ಗ್ರಾಫಿಕ್ಸ್ ಕಾರ್ಡಿನ ಗುಣವನ್ನು ಅದರ ಸ್ಮರಣಕೋಶದ ಗಾತ್ರದಿಂದಲೇ ಅಳೆಯುವ ವಾಡಿಕೆ ಇಂದಿಗೂ ಇದೆಯಾದರೂ, ಈ ಸಾಗಣೆಯ ವೇಗವೂ ಗಾತ್ರದಷ್ಟೇ ನಿರ್ಣಾಯಕವಾದುದು.

ಇಷ್ಟು ಬಲಶಾಲಿಯಾದ ಕಾರ್ಡನ್ನೂ ಕ್ರೈಸಿಸ್ ದಣಿಸಿದ ಬಗೆಯನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಗೋಡೆಯ ಮೂಲೆಗಳಲ್ಲಿ, ಬೇರುಗಳ ಸಂದಿಯಲ್ಲಿ, ಹುಲ್ಲಿನ ಬುಡದಲ್ಲಿ ಸುತ್ತಲಿನ ಬೆಳಕು ಪೂರ್ತಿಯಾಗಿ ತಲುಪದ ಕಾರಣ ಅಲ್ಲಿ ತೆಳುವಾದ ಕತ್ತಲೆ ಕವಿದಿರುತ್ತದೆ. ಇದಿಲ್ಲದಿದ್ದರೆ ವಸ್ತುಗಳು ನೆಲಕ್ಕೆ ಅಂಟದೆ ತೇಲಿದಂತೆ ಕಾಣುತ್ತವೆ. ಈ ಕತ್ತಲೆಯನ್ನು ಸರಿಯಾಗಿ ಲೆಕ್ಕಹಾಕಲು ಪ್ರತಿಯೊಂದು ಬಿಂದುವಿನಿಂದಲೂ ಎಲ್ಲ ದಿಕ್ಕುಗಳಿಗೆ ಗೆರೆಗಳನ್ನೆಳೆದು ಎಲ್ಲಿ ಅಡ್ಡಿಯಿದೆಯೆಂದು ನೋಡಬೇಕಾಗುತ್ತದೆ, ಮತ್ತು ಅಂದಿನ ಯಂತ್ರಗಳಿಂದ ಆಟ ನಡೆಯುತ್ತಿರುವಾಗಲೇ ಅದು ಸಾಧ್ಯವಿರಲಿಲ್ಲ. ಕ್ರೈಟೆಕ್‌ನ ವ್ಲಾದಿಮಿರ್ ಕಜಾಲಿನ್ ಕಂಡುಕೊಂಡ ಉಪಾಯವೆಂದರೆ, ಪರದೆಯ ಪ್ರತಿ ಪಿಕ್ಸೆಲ್ ನೋಡುವವನಿಂದ ಎಷ್ಟು ದೂರದಲ್ಲಿದೆಯೆಂಬ ಲೆಕ್ಕ ಕಾರ್ಡಿನಲ್ಲಿ ಹೇಗಿದ್ದರೂ ಸಿದ್ಧವಿರುವುದರಿಂದ, ಒಂದು ಪಿಕ್ಸೆಲಿನ ಸುತ್ತಮುತ್ತಲಿನ ಕೆಲವು ಬಿಂದುಗಳ ದೂರವನ್ನು ಅದರೊಡನೆ ಹೋಲಿಸಿ, ಹೆಚ್ಚಿನವು ಅದಕ್ಕಿಂತ ಮುಂದಿದ್ದರೆ ಅದು ಸಂದಿಯಲ್ಲಿದೆಯೆಂದು ಊಹಿಸಿ ಸ್ವಲ್ಪ ಕಪ್ಪಾಗಿಸುವುದು. ಇಡೀ ಲೋಕದ ಬದಲು ಪರದೆಯ ಮೇಲಿನ ಚಿತ್ರವನ್ನಷ್ಟೇ ನೋಡಿ ಬೆಳಕನ್ನು ಅಂದಾಜು ಮಾಡುವ ಈ ಕ್ರಮ ಎಷ್ಟು ಸುಂದರವಾದ ಯೋಚನೆಯೆಂದರೆ, ಮುಂದಿನ ವರ್ಷಗಳಲ್ಲಿ ಇದರ ಸುಧಾರಿತ ರೂಪಗಳು ಬಹುತೇಕ ದೊಡ್ಡ ಆಟಗಳಲ್ಲಿ ನೆಲೆಗೊಂಡವು. ಆದರೆ 2007ರಲ್ಲಿ ಇಂಥ ಹತ್ತಾರು ತಂತ್ರಗಳು ಒಂದೇ ಫ್ರೇಮಿನಲ್ಲಿ ಕೂಡಿ ಬಂದಾಗ, 8800 ಜಿಟಿಎಕ್ಸ್ ಕೂಡ ಅತ್ಯುನ್ನತ ಮಟ್ಟದಲ್ಲಿ ಸೆಕೆಂಡಿಗೆ 30 ಫ್ರೇಮುಗಳನ್ನು ಸ್ಥಿರವಾಗಿ ಕೊಡಲಾರದೆ ಹೋಯಿತು.

ಗ್ರಾಫಿಕ್ಸ್ ಕಾರ್ಡಿನ ಕೊರತೆಯನ್ನು ಕಾಲ ತುಂಬಿಕೊಟ್ಟಿತು. ಹೆಚ್ಚು ಘಟಕಗಳುಳ್ಳ ಹೊಸ ಕಾರ್ಡುಗಳು ವರ್ಷವರ್ಷವೂ ಬಂದು ಆಟ ಹಗುರಾಯಿತು. ಪ್ರೊಸೆಸರಿನ ವಿಷಯದಲ್ಲಿ ಹಾಗಾಗಲಿಲ್ಲ, ಮತ್ತು ಈ ಕಥೆಯ ಅತ್ಯಂತ ಮುಖ್ಯವಾದ ಪಾಠ ಇರುವುದು ಇಲ್ಲಿಯೇ. ಪ್ರೊಸೆಸರ್ ತನ್ನ ಕೆಲಸವನ್ನು ಗಡಿಯಾರದ ಮಿಡಿತಗಳಂತೆ ನಿಯತವಾದ ಹೆಜ್ಜೆಗಳಲ್ಲಿ ಮಾಡುತ್ತದೆ, ಮತ್ತು ಸೆಕೆಂಡಿಗೆ ಎಷ್ಟು ಮಿಡಿತಗಳೆಂಬುದನ್ನು ಗಿಗಾಹರ್ಟ್ಸ್‌ನಲ್ಲಿ, ಅಂದರೆ ನೂರು ಕೋಟಿಯ ಅಳತೆಯಲ್ಲಿ ಹೇಳಲಾಗುತ್ತದೆ. ಇಂಟೆಲ್ ಸಂಸ್ಥೆಯ ಮೊದಲ ಪೆಂಟಿಯಂ 1993ರಲ್ಲಿ 66 ಮೆಗಾಹರ್ಟ್ಸ್‌ನಲ್ಲಿ ಮಿಡಿಯುತ್ತಿದ್ದರೆ, 2004ರ ಪೆಂಟಿಯಂ 4 ಅದರ ಐವತ್ತಕ್ಕೂ ಹೆಚ್ಚು ಪಟ್ಟು, ಅಂದರೆ 3.8 ಗಿಗಾಹರ್ಟ್ಸ್ ತಲುಪಿತ್ತು. ಕ್ರೈಟೆಕ್‌ನ ಹಿಂದಿನ ಆಟವಾದ ಫಾರ್ ಕ್ರೈ 2004ರ ಮಾರ್ಚಿನಲ್ಲಿ ಬಂದಿದ್ದು, ಅದರ ಬೆನ್ನಿಗೇ ಕ್ರೈಸಿಸ್‌ನ ತಳಪಾಯ ಬಿದ್ದಾಗ, ಈ ಏರಿಕೆ ಹೀಗೆಯೇ ಮುಂದುವರಿಯುವುದೆಂದು ನಂಬಲು ಕಾರಣಗಳಿದ್ದವು.

ಆದರೆ ಏರಿಕೆ ಅಲ್ಲಿಗೇ ನಿಂತಿತು. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಂಗಡಿಗರು 1974ರಲ್ಲಿ ತೋರಿಸಿದ್ದಂತೆ, ಟ್ರಾನ್ಸಿಸ್ಟರುಗಳನ್ನು ಕಿರಿದಾಗಿಸಿದ ಪ್ರಮಾಣದಲ್ಲಿಯೇ ಅವುಗಳ ವೋಲ್ಟೇಜನ್ನೂ ಇಳಿಸುತ್ತ ಹೋದರೆ ಮಿಡಿತದ ವೇಗ ಹೆಚ್ಚಿದರೂ ಚಿಪ್ಪಿನ ಶಾಖ ಹೆಚ್ಚುವುದಿಲ್ಲ. ಚಿಪ್ಪು ಬಳಸುವ ವಿದ್ಯುತ್ತು ಮಿಡಿತದ ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುವುದು ಇದಕ್ಕೆ ಕಾರಣ. 2005ರ ಆಸುಪಾಸಿನಲ್ಲಿ ಟ್ರಾನ್ಸಿಸ್ಟರುಗಳು ಎಷ್ಟು ಕಿರಿದಾದುವೆಂದರೆ, ಮುಚ್ಚಿದ ಸ್ಥಿತಿಯಲ್ಲಿಯೂ ಅವುಗಳಿಂದ ವಿದ್ಯುತ್ತು ಸೋರತೊಡಗಿ, ವೋಲ್ಟೇಜನ್ನು ಇನ್ನಷ್ಟು ಇಳಿಸಲು ಸಾಧ್ಯವಾಗದೆ, ವೇಗದ ಜೊತೆಗೆ ಶಾಖವೂ ಏರತೊಡಗಿತು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ 2004ರಲ್ಲಿಯೇ ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು ಕೋರುಗಳನ್ನು, ಅಂದರೆ ಬಿಡಿಬಿಡಿಯಾಗಿ ಕೆಲಸ ಮಾಡಬಲ್ಲ ಪ್ರೊಸೆಸರುಗಳನ್ನು ಇರಿಸುವ ದಾರಿ ಹಿಡಿಯಿತು. ಆ ಕಂಪೆನಿಯ ಪ್ರೊಸೆಸರ್ 6 ಗಿಗಾಹರ್ಟ್ಸ್ ಮುಟ್ಟಿದ್ದು 2023ರಲ್ಲಿ.

2007ರಲ್ಲಿ ಕ್ರೈಸಿಸ್‌ಗಾಗಿ ಕಂಪ್ಯೂಟರ್ ಜೋಡಿಸುವವರ ಮುಂದೆ ಈ ತಿರುವು ಬೆಲೆಪಟ್ಟಿಯಲ್ಲಿಯೇ ಕಾಣಿಸಿಕೊಂಡಿತು. ಆ ವರ್ಷದ ಜುಲೈಯಿಂದ ಇಂಟೆಲ್‌ನ ಎರಡು ಪ್ರೊಸೆಸರುಗಳ ಸಗಟು ದರ ಒಂದೇ ಆಗಿದ್ದು, 266 ಡಾಲರಿಗೆ 3 ಗಿಗಾಹರ್ಟ್ಸ್‌ನ ಎರಡು ಕೋರುಗಳುಳ್ಳ ಇ6850 ಅನ್ನಾಗಲಿ, 2.4 ಗಿಗಾಹರ್ಟ್ಸ್‌ನ ನಾಲ್ಕು ಕೋರುಗಳುಳ್ಳ ಕ್ಯೂ6600 ಅನ್ನಾಗಲಿ ಕೊಳ್ಳಬಹುದಾಗಿತ್ತು. ಸೆಕೆಂಡಿಗೆ 60 ಫ್ರೇಮುಗಳ ಲೆಕ್ಕದಲ್ಲಿ ಮೊದಲನೆಯದರ ಒಂದು ಕೋರಿಗೆ ಪ್ರತಿ ಫ್ರೇಮಿಗೆ 5 ಕೋಟಿ ಮಿಡಿತಗಳು ದೊರೆತರೆ, ಎರಡನೆಯದರ ಒಂದು ಕೋರಿಗೆ ದೊರೆಯುವುದು 4 ಕೋಟಿ. ಆದರೆ ಅಂಥ ಕೋರುಗಳು ಎರಡರ ಬದಲು ನಾಲ್ಕು. ಒಂದು ಕೆಲಸದಲ್ಲಿ ಹಂಚಲಾಗದ ಭಾಗ ಎಷ್ಟಿದೆಯೋ ಅದೇ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆಯೆಂದು ಜೀನ್ ಆಮ್ಡಾಲ್ 1967ರಲ್ಲಿ ಪ್ರತಿಪಾದಿಸಿದ್ದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಕ್ರೈಸಿಸ್ ಹಲವು ಕೋರುಗಳನ್ನು ಮುಟ್ಟಿದರೂ ಬಹುಪಾಲು ಭಾರವನ್ನು ಒಂದೆರಡು ಕೋರುಗಳ ಮೇಲೆಯೇ ಹೊರಿಸಿತ್ತು. ಕಾಡಿನ ಸಾವಿರಾರು ಎಲೆಗಳು, ಕಲ್ಲುಗಳು, ಗುಡಿಸಲಿನ ತುಂಡುಗಳು ಇವುಗಳಲ್ಲಿ ಪ್ರತಿಯೊಂದು ಗುಂಪಿಗೂ ‘ಇದನ್ನು ಬಿಡಿಸು’ ಎಂಬ ಆದೇಶವನ್ನು ಪ್ರೊಸೆಸರು ಗ್ರಾಫಿಕ್ಸ್ ಕಾರ್ಡಿಗೆ ಒಂದರ ನಂತರ ಒಂದರಂತೆ ಕಳುಹಿಸಬೇಕಾಗಿತ್ತು. ಆದ್ದರಿಂದ ಈ ಒಂದು ಆಟಕ್ಕೆ ವೇಗದ ಎರಡು ಕೋರುಗಳೇ ಒಳ್ಳೆಯ ಆಯ್ಕೆಯಾಗಿದ್ದವು, ನಂತರ ಬಂದ ಆಟಗಳಿಗೆ ನಾಲ್ಕು ಕೋರುಗಳು. ವರ್ಷಗಳ ಬಳಿಕ ಅನೇಕ ಪಟ್ಟು ಬಲಶಾಲಿಯಾದ ಕಾರ್ಡುಗಳು ಬಂದ ಮೇಲೂ ಆಟದ ಕೆಲವು ದೃಶ್ಯಗಳು ತೊಡರುತ್ತಲೇ ಉಳಿದದ್ದು ಇದೇ ಕಾರಣದಿಂದ. ಆಟದ ಕಥೆ ನಡೆಯುವ ವರ್ಷವಾದ 2020ರಲ್ಲಿಯೇ ಅದರ ಪರಿಷ್ಕೃತ ಆವೃತ್ತಿ ಬಂದಾಗ, ಪ್ರತಿಯೊಂದು ಹೊಸ ಕಂಪ್ಯೂಟರನ್ನೂ ಕುರಿತು ಕೇಳಲಾಗುತ್ತಿದ್ದ ‘ಇದರಲ್ಲಿ ಕ್ರೈಸಿಸ್ ಓಡುತ್ತದೆಯೇ’ ಎಂಬ ಪ್ರಶ್ನೆಯನ್ನೇ ಅತ್ಯುನ್ನತ ಚಿತ್ರಮಟ್ಟದ ಹೆಸರಾಗಿ ಇಡಲಾಯಿತು.

ಉಳಿದ ಬಿಡಿಭಾಗಗಳ ಕೆಲಸ ಈ ಎರಡು ಚಿಪ್ಪುಗಳನ್ನು ಕಾಯಿಸದಿರುವುದು ಮತ್ತು ಕೆಡಿಸದಿರುವುದು. ರ‍್ಯಾಮ್ 2 ಗಿಗಾಬೈಟ್ ಇರಲೆಂದು ಆಟದ ತಯಾರಕರೇ ಸೂಚಿಸಿದ್ದರು. 4 ಗಿಗಾಬೈಟ್ ಹಾಕಿದರೂ 32 ಬಿಟ್‌ನ ವಿಂಡೋಸ್ ಅದನ್ನು ಪೂರ್ತಿಯಾಗಿ ಬಳಸಲಾರದಾಗಿತ್ತು, ಏಕೆಂದರೆ ಅದು ಗುರುತಿಸಬಲ್ಲ 4 ಗಿಗಾಬೈಟ್ ವಿಳಾಸಗಳಲ್ಲಿಯೇ ಗ್ರಾಫಿಕ್ಸ್ ಕಾರ್ಡು ಮೊದಲಾದವುಗಳಿಗೂ ಪಾಲು ಕೊಡಬೇಕಾಗುತ್ತಿತ್ತು. ಮನೆಯ ವಿದ್ಯುತ್ತನ್ನು 12 ವೋಲ್ಟ್ ಮೊದಲಾದ ನೇರ ವಿದ್ಯುತ್ತಾಗಿ ಪರಿವರ್ತಿಸುವ ಎಸ್‌ಎಂಪಿಎಸ್ ಪೆಟ್ಟಿಗೆಗೆ ಮಾತ್ರ ಹೆಚ್ಚಿನ ಗಮನ ಸಲ್ಲಬೇಕು. ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡೊಂದಕ್ಕೆ ದೊರೆಯುವುದು ಗರಿಷ್ಠ 75 ವಾಟ್. 8800 ಜಿಟಿಎಕ್ಸ್ ಅದು ಸಾಲದೆ, ತಲಾ 75 ವಾಟ್ ಒದಗಿಸುವ ಎರಡು ಪ್ರತ್ಯೇಕ ಕೇಬಲ್‌ಗಳನ್ನು ಎಸ್‌ಎಂಪಿಎಸ್‌ನಿಂದಲೇ ಪಡೆಯುತ್ತಿತ್ತು. ಬೆಲೆ ಕಡಿಮೆಯೆಂದು ಕೊಂಡ ಪೆಟ್ಟಿಗೆ ಅಷ್ಟು ಭಾರವನ್ನು ತಡೆಯದೆ ಹೋದರೆ, ಆಟ ರಂಗೇರಿದ ಹೊತ್ತಿಗೇ ಯಂತ್ರ ಆರಿಹೋಗುತ್ತದೆ, ಕೆಲವೊಮ್ಮೆ ಜೊತೆಯ ಭಾಗಗಳೂ ಹಾಳಾಗುತ್ತವೆ. ಈ ಕಾರ್ಡು ಹತ್ತೂವರೆ ಇಂಚು ಉದ್ದವಿದ್ದುದರಿಂದ ಅನೇಕ ಕ್ಯಾಬಿನೆಟ್ಟುಗಳಲ್ಲಿ ಹಾರ್ಡ್ ಡಿಸ್ಕಿನ ಗೂಡಿಗೆ ತಗುಲುತ್ತಿತ್ತು. ಅಳತೆ ನೋಡದೆ ಕೊಂಡವರು ಕ್ಯಾಬಿನೆಟ್ಟನ್ನೂ ಬದಲಿಸಬೇಕಾಯಿತು.

ಕ್ರೈಸಿಸ್ ಬರುವುದಕ್ಕೆ ಸುಮಾರು ಎರಡು ವಾರ ಮೊದಲು, 2007ರ ಅಕ್ಟೋಬರ್ 29ರಂದು, ಎನ್ವಿಡಿಯಾ 8800 ಜಿಟಿ ಎಂಬ ಇನ್ನೊಂದು ಕಾರ್ಡನ್ನು ಬಿಡುಗಡೆ ಮಾಡಿತು. 90 ನ್ಯಾನೊಮೀಟರ್ ಬದಲು 65 ನ್ಯಾನೊಮೀಟರ್ ತಂತ್ರದಿಂದ ತಯಾರಾದ, 112 ಘಟಕಗಳ ಈ ಕಾರ್ಡು ಬಹುತೇಕ ಆಟಗಳಲ್ಲಿ 8800 ಜಿಟಿಎಕ್ಸ್‌ಗೆ ಸಮೀಪದ ವೇಗವನ್ನು ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಟ್ಟಿತು. ಹಿಂದಿನ ವರ್ಷವೇ 599 ಡಾಲರ್ ತೆತ್ತವರಿಗೆ ಬೇರೆ ಆಟಗಳ ಸುಖ ಒಂದು ವರ್ಷ ಮೊದಲೇ ದೊರೆತದ್ದು ನಿಜ. ಆದರೆ ಕ್ರೈಸಿಸ್‌ಗಾಗಿ ಮಾತ್ರವೇ ಕೊಂಡವರು ಕೇವಲ ಊಹೆಗಾಗಿ ಹೆಚ್ಚಿನ ಹಣ ಕೊಟ್ಟಂತಾಯಿತು. ಆಟದ ಪೆಟ್ಟಿಗೆಯ ಮೇಲಿನ ‘ಶಿಫಾರಸು ಮಾಡಿದ ಯಂತ್ರ’ ಎಂಬ ಪಟ್ಟಿಯೂ ಅವರಿಗೆ ನೆರವಾಗುವಂತಿರಲಿಲ್ಲ. ಅದರಲ್ಲಿ 2.2 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೊ ಪ್ರೊಸೆಸರ್ ಮತ್ತು 8800 ಜಿಟಿಎಸ್ ಕಾರ್ಡಿನ ಹೆಸರಿತ್ತೇ ಹೊರತು, ಆ ಯಂತ್ರದಲ್ಲಿ ಎಷ್ಟು ದೊಡ್ಡ ಪರದೆಯ ಮೇಲೆ, ಯಾವ ಚಿತ್ರಮಟ್ಟದಲ್ಲಿ, ಸೆಕೆಂಡಿಗೆ ಎಷ್ಟು ಫ್ರೇಮುಗಳು ಬರುತ್ತವೆಂಬ ಮಾತಿರಲಿಲ್ಲ. ಈ ಮೂರು ಅಂಕಿಗಳಿಲ್ಲದ ಯಾವ ಪಟ್ಟಿಯನ್ನೂ ಕೊಳ್ಳುವವರು ನೆಚ್ಚಬಾರದು, ಮತ್ತು ಆಟದ ತಯಾರಕರು ಇವನ್ನು ಮುದ್ರಿಸುವುದು ಗ್ರಾಹಕರಿಗೆ ಸಲ್ಲಬೇಕಾದ ಕನಿಷ್ಠ ಪ್ರಾಮಾಣಿಕತೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಳ್ಳಲು ಹೊರಟವರಿಗೂ ಇದೇ ಕ್ರಮ ಸಲ್ಲುತ್ತದೆ. ಬರಲಿರುವ ಆಟಕ್ಕಾಗಿ ಹಣ ಕೂಡಿಸಿಟ್ಟವರು, ಆಟ ಬಿಡುಗಡೆಯಾಗಿ ಬೇರೆ ಬೇರೆ ಕಾರ್ಡು ಮತ್ತು ಪ್ರೊಸೆಸರುಗಳಲ್ಲಿ ಅದರ ಫ್ರೇಮುಗಳ ಅಳತೆ ಪ್ರಕಟವಾಗುವವರೆಗೆ ಆ ಎರಡನ್ನು ಕೊಳ್ಳದೆ ಕಾಯಬೇಕು. ಅಷ್ಟರೊಳಗೆ ಕೊಳ್ಳಲೇಬೇಕೆಂದಿದ್ದರೆ ಒಳ್ಳೆಯ ಎಸ್‌ಎಂಪಿಎಸ್, ಗಾಳಿಯಾಡುವ ಕ್ಯಾಬಿನೆಟ್ ಮತ್ತು ಕಣ್ಣಿಗೆ ಹಿತವಾದ ಮಾನಿಟರ್ ಕೊಳ್ಳಲಿ, ಏಕೆಂದರೆ ಈ ಮೂರೂ ಮುಂದಿನ ಯಂತ್ರಕ್ಕೂ ಬರುತ್ತವೆ.