ಬೀಜ ಬಲಿಯುವ ಹೊತ್ತು

ಬೇಸಿಗೆಯಲ್ಲಿ ಬೆಂಗಳೂರಿನ ದೀಪಾಂಜಲಿ ನಗರದ ಅಡ್ಡರಸ್ತೆಗಳಲ್ಲಿ ನಡೆದರೆ ಕಾಲಡಿಯಲ್ಲಿ ಒಣಗಿದ ಹೊಂಗೆಕಾಯಿ ಚಟಚಟ ಎನ್ನುತ್ತದೆ. ಒಂದೊಂದು ಕಾಯಲ್ಲಿ ಒಂದು ಬೀಜ, ಕೆಲವದರಲ್ಲಿ ಎರಡು. ಯಾವ ಉಪಚಾರವೂ ಬೇಡದೆ ಮೊಳೆಯುವಂಥವು. ಬೆಳಗಿನ ಕಸದ ಗಾಡಿ ಅವನ್ನೆಲ್ಲ ಗುಡಿಸಿಕೊಂಡು ಹೋಗುವುದನ್ನು ಕಂಡಾಗ ಹೊಟ್ಟೆ ಚುರ್ ಎನ್ನುತ್ತದೆ.

ಸಸಿ ನೆಡುವ ದಿನ ಊರಿಗೆಲ್ಲ ಗೊತ್ತಾಗುತ್ತದೆ. ಆ ಸಸಿಯ ಬೀಜ ಆಯ್ದವರು ಯಾರು, ಯಾವ ಮರದಿಂದ ಆಯ್ದರು ಎಂದು ಕೇಳುವವರು ಕಡಿಮೆ. ಕಸುಬೆಲ್ಲ ಇರುವುದು ಅಲ್ಲೇ. ಪ್ರತಿ ಮರಕ್ಕೂ ಅದರದೇ ಗಡುವು. ನೇರಳೆ ಬೀಜವನ್ನು ಒಣಗಿಸಿ ಎತ್ತಿಟ್ಟರೆ ಸತ್ತೇಹೋಗುತ್ತದೆ, ಹಣ್ಣು ಸಿಕ್ಕಿದ ವಾರದಲ್ಲೇ ಬಿತ್ತಬೇಕು. ಕಕ್ಕೆಯದು ತದ್ವಿರುದ್ಧ: ಸಿಪ್ಪೆ ಎಷ್ಟು ಗಟ್ಟಿಯೆಂದರೆ ಉಜ್ಜಿ ಸವೆಸಿಯೋ ಬಿಸಿನೀರಲ್ಲಿ ನೆನೆಸಿಯೋ ಎಬ್ಬಿಸಬೇಕು. ಸಾಗುವಾನಿಯನ್ನು ನೆನೆಸಿ, ಒಣಗಿಸಿ, ಮತ್ತೆ ನೆನೆಸುತ್ತಾರೆ. ಎಲ್ಲಕ್ಕಿಂತ ಅವಸರದ್ದು ತುಮಕೂರಿನ ದೇವರಾಯನದುರ್ಗದ ಜಾಲಾರಿ. ಮುಂಗಾರಿನ ಹೊಸ್ತಿಲಲ್ಲಿ ರೆಕ್ಕೆಯ ಕಾಯಿಗಳು ಗಿರಗಿರನೆ ತಿರುಗುತ್ತ ನೆಲಕ್ಕಿಳಿಯುತ್ತವೆ. ಜೀವ ಹಿಡಿದಿರುವುದು ಕೆಲವೇ ದಿನ.

ಇದನ್ನು ಓದಿ ಕಲಿಯದೆ ನೋಡಿ ಕಲಿತವರು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ. ಹಾಲಕ್ಕಿ ಸಮುದಾಯದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದವರು. ಅವರ ಹೆಸರು ಉಳಿದಿರುವುದು ತಾಯಿಮರ ಗುರುತಿಸುವ ಕಣ್ಣಿಗಾಗಿ. ಕಾಡಿನಲ್ಲಿ ಒಂದೇ ಜಾತಿಯ ನೂರು ಮರಗಳಿದ್ದರೂ ಬೀಜಕ್ಕೆ ಒದಗುವುದು ಕೆಲವೇ: ಗಟ್ಟಿ ಕಾಂಡ, ರೋಗವಿಲ್ಲದ ಮೈ, ತುಂಬು ಫಲ. ಆ ಮರದ ಕಾಯಿ ಬಲಿತು, ಇನ್ನೂ ಹುಳು ಹಿಡಿಯದ ಆ ಕೆಲವು ದಿನಗಳನ್ನು ಅವರು ಬಲ್ಲವರಾಗಿದ್ದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಮರುವರ್ಷ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋಗಿ ಸ್ವೀಕರಿಸಿದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅಂಥ ಜ್ಞಾನ ಮುಂದಿನವರ ಕೈಗೆ ದಾಟಬೇಕಾದರೆ ಜೊತೆಯಲ್ಲಿ ಕಾಡು ಅಲೆಯುವವರು ಬೇಕು.

ಒಂದೇ ಮರದಿಂದ ಗೋಣಿ ತುಂಬಿಸಬಾರದು. ದೂರದೂರದ ಹಲವು ಮರಗಳಿಂದ ಸ್ವಲ್ಪಸ್ವಲ್ಪ ಆಯಬೇಕು, ಅಳಿಲು-ಹಕ್ಕಿಗಳ ಪಾಲು ಬಿಡಬೇಕು. ಬೀಜ ಅದೇ ಸೀಮೆಯದ್ದಾಗಿರಬೇಕು. ಮಲೆನಾಡಿನ ತೇವಕ್ಕೆ ಒಗ್ಗಿದ ಸಸಿಯನ್ನು ಬೆಂಗಳೂರಿನ ತುರಹಳ್ಳಿಯ ಬಂಡೆಗಳ ನಡುವೆ ನೆಟ್ಟರೆ ಎರಡು ಬೇಸಿಗೆ ಕಳೆಯುವುದು ಕಷ್ಟ.

ನಮ್ಮ ಮೈಸೂರು ರಸ್ತೆಯ ಪಕ್ಕದಲ್ಲೇ ವೃಷಭಾವತಿ ಕಾಂಕ್ರೀಟ್ ಗೋಡೆಗಳ ನಡುವೆ ಹರಿಯುತ್ತದೆ. ಅದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಕಾವೇರಿಯ ದಡದಲ್ಲಿ ಇಂದಿಗೂ ಹೊಳೆಮತ್ತಿ ಮರಗಳು ನಿಂತಿವೆ, ಬಿಳಿ ತೊಗಟೆ, ಐದು ರೆಕ್ಕೆಯ ಕಾಯಿ. ವೃಷಭಾವತಿಯ ದಂಡೆಗೆ ಎಂದಾದರೂ ಮರ ಮರಳಬೇಕಾದರೆ ಬೀಜ ಅಲ್ಲಿಂದಲೇ ಬರಬೇಕು. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ನಾಲ್ಕು ಗೋಣಿಚೀಲ ಬೇಕು, ಯುಗಾದಿಯ ಆಸುಪಾಸಿನಲ್ಲಿ ಒಂದು ವಾರದ ಬಿಡುವು ಬೇಕು.